ನಿವೃತ್ತ ಯುದ್ಧನೌಕೆಗಳ ಗತಿ: ದೆಹಲಿಯ ನಿರ್ಧಾರಗಳ ಚರಿತ್ರೆ (1997–2021)

ನೌಕಾಪಡೆಯ ಹಡಗೊಂದು ಸೇವೆಯಿಂದ ನಿವೃತ್ತವಾದ ಮೇಲೆ ಅದನ್ನು ಒಡೆಯಬೇಕೇ, ಉಳಿಸಬೇಕೇ ಎಂಬುದು ಬಂದರಿನಲ್ಲಿ ತೀರ್ಮಾನವಾಗುವುದಿಲ್ಲ. ಆ ಅಧಿಕಾರ ದೆಹಲಿಯ ರಕ್ಷಣಾ ಸಚಿವಾಲಯದ್ದು. ತಕರಾರು ಎದ್ದರೆ ಕೊನೆಯ ಮಾತು ಸುಪ್ರೀಂ ಕೋರ್ಟಿನದು. 1997ರಿಂದ 2021ರವರೆಗಿನ ಕೆಲವು ಮುಖ್ಯ ಪ್ರಕರಣಗಳನ್ನು ಈ ಲೇಖನ ಪರಿಶೀಲಿಸುತ್ತದೆ. ಹಡಗುಗಳ ಅಳಿವು ಉಳಿವನ್ನು ಅವುಗಳ ಕೀರ್ತಿ ನಿರ್ಧರಿಸಲಿಲ್ಲ. ಹಣ ಹಾಕಿ ಸಾಕುವ ಹೊಣೆಗಾರರು ಸಕಾಲಕ್ಕೆ ಸಿಕ್ಕರೇ ಎಂಬುದು ನಿರ್ಧರಿಸಿತು ಎಂಬುದು ಇಲ್ಲಿನ ವಾದ.

ವಿಕ್ರಾಂತ್

1961ರಲ್ಲಿ ಸೇವೆಗೆ ಸೇರಿದ ವಿಕ್ರಾಂತ್ ಭಾರತದ ಮೊದಲ ವಿಮಾನವಾಹಕ ನೌಕೆ. 1971ರ ಯುದ್ಧದಲ್ಲಿ ಚಿತ್ತಗಾಂಗ್, ಕಾಕ್ಸ್ ಬಜಾರ್‌ಗಳ ಮೇಲೆ ಇದರ ವಿಮಾನಗಳು ದಾಳಿ ನಡೆಸಿದ್ದವು. 1997ರ ಜನವರಿ 31ರಂದು ನಿವೃತ್ತವಾದ ಬಳಿಕ ಮುಂಬಯಿಯಲ್ಲಿ ಸಂಗ್ರಹಾಲಯವಾಗಿ ಕೆಲವು ವರ್ಷ ಜನರಿಗೆ ತೆರೆದಿತ್ತು. ಆದರೆ ಶಾಶ್ವತ ನೆಲೆಯಾಗಲಿ, ನಿಶ್ಚಿತ ಅನುದಾನವಾಗಲಿ ಒದಗಲಿಲ್ಲ. ತುಕ್ಕು ಹೆಚ್ಚಿತು, ಸುರಕ್ಷತೆಯ ಕಾರಣದಿಂದ 2012ರಲ್ಲಿ ಪ್ರವೇಶ ನಿಂತಿತು. ನಂತರದ ಹರಾಜಿನಲ್ಲಿ ಸುಮಾರು 60 ಕೋಟಿ ರೂಪಾಯಿಗೆ ಗುಜರಿ ವ್ಯಾಪಾರಿಗಳ ಪಾಲಾಯಿತು. ಹಡಗನ್ನು ಉಳಿಸಲು ಕೋರಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಬಾಂಬೆ ಹೈಕೋರ್ಟ್ ತಳ್ಳಿಹಾಕಿತು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಯಥಾಸ್ಥಿತಿಗೆ ಆದೇಶಿಸಿದರೂ ಆಗಸ್ಟ್‌ನಲ್ಲಿ ಒಡೆಯಲು ಅನುಮತಿ ನೀಡಿತು. ನವೆಂಬರ್‌ನಲ್ಲಿ ಮುಂಬಯಿಯ ದಾರುಖಾನಾದಲ್ಲಿ ಒಡೆಯುವ ಕೆಲಸ ಶುರುವಾಯಿತು.

ವಿರಾಟ್

ಈ ಅನುಭವವಿದ್ದರೂ ವಿರಾಟ್ ವಿಷಯದಲ್ಲಿ ಅದೇ ಕಥೆ ಮರುಕಳಿಸಿತು. 2017ರ ಮಾರ್ಚ್ 6ರಂದು ನಿವೃತ್ತವಾದ ಈ ವಿಮಾನವಾಹಕ ನೌಕೆಯನ್ನು ಸಿಂಧುದುರ್ಗದ ನಿವತಿ ಬಳಿ ಸಂಗ್ರಹಾಲಯವಾಗಿಸುವ 852 ಕೋಟಿ ರೂಪಾಯಿಯ ಯೋಜನೆಗೆ ಮಹಾರಾಷ್ಟ್ರ ಸಂಪುಟ 2018ರಲ್ಲಿ ಒಪ್ಪಿತು. ಯೋಜನೆ ಕಾಗದ ದಾಟಲಿಲ್ಲ. ಆರ್ಥಿಕವಾಗಿ ಸ್ವಾವಲಂಬಿಯಾದ ಪ್ರಸ್ತಾವ ಯಾವ ರಾಜ್ಯದಿಂದಲೂ ಬಂದಿಲ್ಲ, ಆದ್ದರಿಂದ ಹಡಗನ್ನು ಗುಜರಿಗೆ ಹಾಕಲು ನಿರ್ಧರಿಸಲಾಗಿದೆ ಎಂದು ಸರ್ಕಾರ 2019ರ ಜುಲೈನಲ್ಲಿ ರಾಜ್ಯಸಭೆಗೆ ತಿಳಿಸಿತು. 38.54 ಕೋಟಿ ರೂಪಾಯಿಗೆ ಮಾರಾಟವಾದ ವಿರಾಟ್ 2020ರ ಸೆಪ್ಟೆಂಬರ್‌ನಲ್ಲಿ ಗುಜರಾತಿನ ಹಡಗು ಒಡೆಯುವ ತಾಣ ಅಲಂಗ್ ಸೇರಿತು. ಕೊಂಡು ಉಳಿಸುತ್ತೇವೆಂದು ಖಾಸಗಿ ಸಂಸ್ಥೆಯೊಂದು ಮುಂದೆ ಬಂದಾಗ ಸಚಿವಾಲಯ ನಿರಾಕ್ಷೇಪಣಾ ಪತ್ರ ಕೊಡಲಿಲ್ಲ. 2021ರ ಫೆಬ್ರವರಿಯಲ್ಲಿ ತಡೆಯಾಜ್ಞೆ ನೀಡಿದ್ದ ಸುಪ್ರೀಂ ಕೋರ್ಟ್, ಹಡಗಿನ ಶೇ. 40 ಭಾಗ ಆಗಲೇ ಒಡೆದಿದೆ, ಅರ್ಜಿ ತಡವಾಗಿದೆ ಎಂದು ಏಪ್ರಿಲ್‌ನಲ್ಲಿ ಪ್ರಕರಣ ಮುಗಿಸಿತು.

ಕಾರವಾರ, ವಿಶಾಖಪಟ್ಟಣ

ಉಳಿದ ಹಡಗುಗಳ ಹಾದಿ ಬೇರೆ. 2001ರ ಫೆಬ್ರವರಿಯಲ್ಲಿ ನಿವೃತ್ತವಾದ ಜಲಾಂತರ್ಗಾಮಿ ಕುರ್ಸುರಾ ಮರುವರ್ಷದ ಆಗಸ್ಟ್‌ಗೆ ವಿಶಾಖಪಟ್ಟಣದ ಕಡಲತೀರದಲ್ಲಿ ಸಂಗ್ರಹಾಲಯವಾಯಿತು. 2005ರಲ್ಲಿ ನಿವೃತ್ತವಾದ ಕ್ಷಿಪಣಿ ನೌಕೆ ಚಪಲ್ 2006ರಲ್ಲೇ ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ನೆಲೆಗೊಂಡಿತು. ಎರಡೂ ಕಡೆ ನೌಕಾಪಡೆ ಹಡಗನ್ನು ಕೊಟ್ಟಾಗ ಪಡೆಯಲು ಸ್ಥಳೀಯ ಆಡಳಿತ ಸಿದ್ಧವಿತ್ತು. ಕಾರವಾರದಲ್ಲಿ ಮುಂದೆ ನೌಕಾಪಡೆಯ ಟುಪೊಲೆವ್ ಕಡಲ ಗಸ್ತು ವಿಮಾನವೂ ಚಪಲ್‌ನ ಪಕ್ಕಕ್ಕೆ ಬಂದು ನಿಂತಿತು.

ಗಾತ್ರದ ವ್ಯತ್ಯಾಸವನ್ನು ಅಲ್ಲಗಳೆಯುವಂತಿಲ್ಲ. ಚಪಲ್‌ನ ಉದ್ದ ಸುಮಾರು 39 ಮೀಟರ್, ವಿರಾಟ್‌ನದು 226. ಚಿಕ್ಕ ಹಡಗನ್ನು ದಡಕ್ಕೇರಿಸಿ ನಿಲ್ಲಿಸಬಹುದು. ವಿಮಾನವಾಹಕಕ್ಕೆ ಆಳದ ನೀರು, ಭದ್ರ ಧಕ್ಕೆ, ಮುಗಿಯದ ದುರಸ್ತಿ ಬೇಕು. ಆದರೂ ಗಾತ್ರವೊಂದೇ ಕಾರಣವಲ್ಲ. ವಿಕ್ರಾಂತ್, ವಿರಾಟ್ ಎರಡಕ್ಕಿಂತಲೂ ದೊಡ್ಡದಾದ ಅಮೆರಿಕದ ವಿಮಾನವಾಹಕ ಮಿಡ್ವೇ 1992ರಲ್ಲಿ ನಿವೃತ್ತವಾಗಿ, ಹನ್ನೆರಡು ವರ್ಷ ಕಾದು, 2004ರಲ್ಲಿ ಸ್ಯಾನ್ ಡಿಯಾಗೊದಲ್ಲಿ ಸಂಗ್ರಹಾಲಯವಾಯಿತು. ಅಷ್ಟು ಕಾಲ ಅದು ನೌಕಾಪಡೆಯ ಮೀಸಲು ಹಡಗುಗಳ ಸಾಲಿನಲ್ಲಿತ್ತು. ಅದಕ್ಕಾಗಿ ಪಟ್ಟುಹಿಡಿದ ಲಾಭರಹಿತ ಸಂಸ್ಥೆಯೊಂದು ಊರಿನಲ್ಲಿತ್ತು. ವಿಕ್ರಾಂತ್ ಕೂಡ ವರ್ಷಗಟ್ಟಲೆ ಕಾದಿತ್ತು. ಶಾಶ್ವತವಾಗಿ ಹೊಣೆ ಹೊರುವವರು ಸಿಗಲಿಲ್ಲ.

ಸಮಾರೋಪ

ಭಾರತದ 2019ರ ಹಡಗು ಮರುಬಳಕೆ ಕಾಯಿದೆ ಯುದ್ಧನೌಕೆಗಳಿಗೆ ಅನ್ವಯಿಸುವುದಿಲ್ಲ. ಕಲ್ನಾರು ತುಂಬಿದ ಹಳೆಯ ನೌಕೆಗಳನ್ನು ಒಡೆಯುವುದು ಕಾರ್ಮಿಕರಿಗೆ ಎಷ್ಟು ಅಪಾಯಕಾರಿ ಎಂಬುದು, ಅಲಂಗ್‌ಗೆ ಹೊರಟಿದ್ದ ತನ್ನ ಕ್ಲೆಮಾನ್ಸೊ ನೌಕೆಯನ್ನು 2006ರಲ್ಲಿ ಫ್ರಾನ್ಸ್ ಹಿಂದಕ್ಕೆ ಕರೆಸಿಕೊಂಡಾಗಲೇ ಚರ್ಚೆಗೆ ಬಂದಿತ್ತು. ಆದ್ದರಿಂದ ಒಡೆಯುವುದೂ ಉಳಿಸುವುದೂ ಮುಂಚಿತ ಯೋಜನೆಯನ್ನು ಬೇಡುತ್ತವೆ. ಎಲ್ಲ ಹಡಗುಗಳನ್ನೂ ಉಳಿಸಲಾಗದು, ಉಳಿಸಬೇಕಾಗಿಯೂ ಇಲ್ಲ. ಆದರೆ ಉಳಿಸತಕ್ಕದ್ದು ಯಾವುದು, ಎಲ್ಲಿ, ಯಾರ ಹಣದಿಂದ ಎಂಬುದನ್ನು ಹಡಗು ಸೇವೆಯಲ್ಲಿರುವಾಗಲೇ ರಕ್ಷಣಾ ಸಚಿವಾಲಯ ರಾಜ್ಯಗಳೊಡನೆ ಕುಳಿತು ಲಿಖಿತವಾಗಿ ಗೊತ್ತುಮಾಡಬೇಕು. ಹರಾಜಿನ ಹಂತ ತಲುಪಿದ ಮೇಲೆ ನ್ಯಾಯಾಲಯಕ್ಕೆ ಹೋದರೆ ಹಡಗು ಉಳಿಯುವುದಿಲ್ಲ ಎಂಬುದನ್ನು ಈ ಎರಡು ದೊಡ್ಡ ಹಡಗುಗಳ ಚರಿತ್ರೆ ಸ್ಪಷ್ಟಪಡಿಸುತ್ತದೆ.