ಏರಿ, ತೂಬು ಮತ್ತು ಒಂದು ಮೀನಿನ ಕಥೆ

ನಾನಿರೋದು ಜರ್ಮನಿಯ ಎರ್ಲಾಂಗನ್ ಅನ್ನೋ ಊರಲ್ಲಿ. ಊರು ಬಿಟ್ಟು ಪಶ್ಚಿಮಕ್ಕೆ ಅರ್ಧ ಗಂಟೆ ಸೈಕಲ್ ತುಳಿದರೆ ಸಾಕು, ಕೆರೆಗಳು ಶುರು. ಒಂದರ ಕೆಳಗೆ ಒಂದು, ಸರಪಳಿ ಹಾಗೆ. ಐಶ್ ಅನ್ನೋ ಸಣ್ಣ ನದಿಯ ಸುತ್ತಮುತ್ತ ಇಂಥವು ಸಾವಿರಾರಿವೆ. ಮೊದಲ ಸಲ ನೋಡಿದಾಗ ಯಾರೋ ನಮ್ಮ ತುಮಕೂರು ಕಡೆಯ ಕೆರೆಗಳನ್ನು ಸಣ್ಣದು ಮಾಡಿ ಇಲ್ಲಿ ತಂದಿಟ್ಟಿದ್ದಾರೆ ಅನ್ನಿಸಿತ್ತು. ಮಣ್ಣಿನ ಏರಿ, ಏರಿ ಮೇಲೆ ಮರಗಳು, ಮೂಲೆಯಲ್ಲಿ ತೂಬು, ಪಕ್ಕದಲ್ಲಿ ಕೋಡಿ. ಇವುಗಳಲ್ಲಿ ಕೆಲವಕ್ಕೆ ಹಳ್ಳ ತೊರೆ ಏನೂ ಸೇರೋದಿಲ್ಲ, ಮಳೆ ಬಂದರೆ ನೀರು, ಇಲ್ಲದಿದ್ದರೆ ಇಲ್ಲ. ಅಂಥವಕ್ಕೆ ಇಲ್ಲಿನವರು ‘ಆಕಾಶದ ಕೆರೆ’ ಅಂತಲೇ ಕರೀತಾರೆ!

ಒಂದೇ ವ್ಯತ್ಯಾಸ. ನಮ್ಮ ಹಿರಿಯರು ಕೆರೆ ಕಟ್ಟಿದ್ದು ಗದ್ದೆಗೆ. ಮೀನು ಇದ್ದರೆ ಇತ್ತು, ಅದು ಉಪ ಉತ್ಪನ್ನ. ಇವರು ಕಟ್ಟಿದ್ದು ಮೀನಿಗೇ.

ಈ ಕಥೆ ಬರೆಯೋದಕ್ಕೆ ಕಾರಣ ನನ್ನ ಸೋದರಮಾವ. 2022ರ ಮಳೆಗೆ ನಮ್ಮೂರ ಕೆರೆ ಎಷ್ಟೋ ವರ್ಷದ ಮೇಲೆ ಕೋಡಿ ಬಿತ್ತು. ಮಾವ ಖುಷಿಯಲ್ಲಿ ಇನ್ನಿಬ್ಬರ ಜೊತೆ ಸೇರಿ ಹರಾಜಿನಲ್ಲಿ ಕೆರೆ ಹಿಡಿದು ಮೀನುಮರಿ ಬಿಟ್ಟರು. ವರ್ಷ ಕಳೆದು ಬಲೆ ಹಾಕಿದರೆ ಹಾಕಿದ ದುಡ್ಡಿನ ಕಾಲು ಭಾಗವೂ ಹುಟ್ಟಲಿಲ್ಲ. ಫೋನಿನಲ್ಲಿ, “ನಿಮ್ಮ ಜರ್ಮನಿಯವರು ಅದೇನು ಮಾಡ್ತಾರೋ ಸ್ವಲ್ಪ ಕೇಳಿ ಹೇಳೋ” ಅಂದರು. ಕೇಳೋಕೆ ಹೋದ ನನಗೆ ಸಿಕ್ಕಿದ್ದು ಐನೂರು ವರ್ಷದ ಇತಿಹಾಸ.

ಗೆಂಡೆ ಮೀನು ಸಾಕುವುದು ಯುರೋಪಿನವರು ಕಂಡುಹಿಡಿದದ್ದೇನಲ್ಲ. ಚೀನಾದಲ್ಲಿ ಕ್ರಿಸ್ತಪೂರ್ವ ಐದನೇ ಶತಮಾನದ ಫಾನ್ ಲಿ ಎಂಬಾತನ ಹೆಸರಿನಲ್ಲೇ ಗೆಂಡೆ ಸಾಕಣೆಯ ಒಂದು ಪುಟ್ಟ ಗ್ರಂಥ ಇದೆ. ಮಧ್ಯ ಯುರೋಪಿನಲ್ಲಿ ಇದು ಬೆಳೆದದ್ದು ಮಠಗಳಿಂದ. ಕ್ರೈಸ್ತರ ಉಪವಾಸದ ದಿನಗಳಲ್ಲಿ ಮಾಂಸ ನಿಷಿದ್ಧ, ಮೀನಿಗೆ ಅಡ್ಡಿ ಇಲ್ಲ. ಶುಕ್ರವಾರಗಳು, ಈಸ್ಟರ್‌ಗೆ ಮುಂಚಿನ ನಲವತ್ತು ದಿನ, ಇನ್ನೂ ಏನೇನೋ ಸೇರಿ ವರ್ಷಕ್ಕೆ ನೂರಕ್ಕೂ ಹೆಚ್ಚು ದಿನ ಆಗುತ್ತಿತ್ತು. ಸಮುದ್ರವೋ ಬಹಳ ದೂರ. ಗೆಂಡೆಯೋ ಬಹಳ ಗಟ್ಟಿ ಜೀವ, ಬೆಚ್ಚಗಿನ ಕೆಸರು ನೀರಲ್ಲೂ ಬದುಕುತ್ತೆ, ನೀರು ತುಂಬಿದ ಪೀಪಾಯಿಯಲ್ಲಿ ಹಾಕಿ ಗಾಡಿಯಲ್ಲಿ ಸಾಗಿಸಿದರೂ ಜೀವಂತವಾಗಿ ಪೇಟೆ ಮುಟ್ಟುತ್ತೆ. ಇನ್ನೇನು ಬೇಕು?

ಈ ವಿದ್ಯೆ ತುದಿ ಮುಟ್ಟಿದ್ದು ನನ್ನ ಮನೆಯಿಂದ ಪೂರ್ವಕ್ಕೆ, ಗಡಿಯಾಚೆ ಈಗಿನ ಚೆಕ್ ದೇಶದ ತ್ರೆಬೋನ್ ಎಂಬಲ್ಲಿ. ಅದು ರೊಜ್ಮ್‌ಬೆರ್ಕ್ ಮನೆತನದ ಜಹಗೀರು. ಜೌಗು ನೆಲ, ಬೆಳೆ ಅಷ್ಟಕ್ಕಷ್ಟೇ. ಶ್ಟೆಪಾನೆಕ್ ನೆತೊಲಿಟ್ಸ್ಕಿ ಎಂಬ ಕೆರೆಗಾರ 1506ರಲ್ಲಿ ಶುರು ಮಾಡಿ 1520ರ ಹೊತ್ತಿಗೆ 45 ಕಿಲೋಮೀಟರಿಗೂ ಉದ್ದದ ಕಾಲುವೆಯೊಂದನ್ನು ತೋಡಿಸಿದ. ಹೆಸರು ‘ಚಿನ್ನದ ಕಾಲುವೆ’. ಲುಜ್ನಿತ್ಸೆ ನದಿಯ ನೀರನ್ನು ಕೆರೆಯಿಂದ ಕೆರೆಗೆ ಹಾಯಿಸುವ ಈ ಕಾಲುವೆ ಇವತ್ತಿಗೂ ಹರಿಯುತ್ತಿದೆ.

ಅವನ ನಂತರ ಬಂದವನು ಯಾಕುಬ್ ಕೃಚೀನ್. (ಈ ಹೆಸರಿನ ಉಚ್ಚಾರಕ್ಕೆ ಇಲ್ಲಿನವರು ಒದ್ದಾಡ್ತಾರೆ. ನಮಗೆ ಋ ಇದೆ, ಚಿಂತೆ ಇಲ್ಲ!) ಇವನು 1570ರ ದಶಕದ ಶುರುವಿನಲ್ಲಿ ತ್ರೆಬೋನ್ ಊರ ಬಾಗಿಲಲ್ಲೇ ಒಂದು ಕೆರೆ ಕಟ್ಟಿಸಿದ. ಅದಕ್ಕಾಗಿ ಊರಿನ ಒಂದು ಹೊರಕೇರಿಯನ್ನೇ ಕೆಡವಬೇಕಾಯ್ತು. ಜನ ಸುಮ್ಮನಿದ್ದಾರೆಯೇ? ಆ ಕೆರೆಗೆ ಮೊದಲಿದ್ದ ಹೆಸರಿನ ಅರ್ಥವೇ ‘ಕೃತಘ್ನತೆ’. ಆಮೇಲೆ ಅದು ‘ಸ್ವ್ಯೆತ್’ ಆಯಿತು, ಅಂದರೆ ‘ಜಗತ್ತು’. ಮುಂದೆ 1584ರಿಂದ 1590ರವರೆಗೆ ಅವನು ಕಟ್ಟಿಸಿದ ರೊಜ್ಮ್‌ಬೆರ್ಕ್ ಕೆರೆ ಚೆಕ್ ದೇಶದ ಅತಿ ದೊಡ್ಡ ಮೀನುಕೆರೆ. ಸುಮಾರು 490 ಹೆಕ್ಟೇರ್ ನೀರು, ಎರಡು ಕಿಲೋಮೀಟರಿಗೂ ಉದ್ದದ ಮಣ್ಣಿನ ಏರಿ. ಬಿಟ್ಟಿ ಕೆಲಸದಲ್ಲಿ ಬೆನ್ನು ಮುರಿದುಕೊಂಡ ರೈತರು ಕೃಚೀನ್ ಸತ್ತ ಮೇಲೂ ಅವನನ್ನು ಕ್ಷಮಿಸಲಿಲ್ಲ. ದೆವ್ವಗಳು ಅವನನ್ನು ರಾತ್ರಿ ಹೊತ್ತು ಏರಿ ಮೇಲೆ ಓಡಾಡಿಸ್ತವೆ ಅಂತ ಕಥೆ ಕಟ್ಟಿದರು. ಕೆರೆಗೆ ಹಾರವಾದ ಭಾಗೀರಥಿಯ ಕಥೆ ಕೇಳಿ ಬೆಳೆದ ನಮಗೆ ಇದು ಹೊಸದಲ್ಲ. ದೊಡ್ಡ ಏರಿಗಳ ಕೆಳಗೆಲ್ಲ ಯಾರದೋ ಕಣ್ಣೀರು ಇದ್ದೇ ಇರುತ್ತೆ.

ಆದರೆ ಕಟ್ಟಡ ಮಾತ್ರ ಅಪ್ಪಟ. 2002ರ ಆಗಸ್ಟ್‌ನಲ್ಲಿ ಭಾರೀ ಪ್ರವಾಹ ಬಂದಾಗ, ಮಾಮೂಲಿಗೆ ಸುಮಾರು 60 ಲಕ್ಷ ಘನ ಮೀಟರ್ ನೀರಿರುವ ಈ ಕೆರೆ ಸುಮಾರು 7 ಕೋಟಿ ಘನ ಮೀಟರ್ ನೀರನ್ನು ಹಿಡಿದು ನಿಲ್ಲಿಸಿತು. ನಾನೂರು ವರ್ಷ ಹಳೆಯ ಮಣ್ಣಿನ ಏರಿ ಒಡೆಯಲಿಲ್ಲ!

ಸರಿ, ಮಾವನ ಪ್ರಶ್ನೆಗೆ ಬರೋಣ. ಇವರು ಮಾಡ್ತಾ ಇದ್ದದ್ದಾದರೂ ಏನು?

ಒಂದನೆಯದು, ಕೆರೆಯನ್ನು ಪೂರ್ತಿ ಖಾಲಿ ಮಾಡುವುದು. ತೂಬಿನ ಹಲಗೆಗಳನ್ನು ಒಂದೊಂದಾಗಿ ತೆಗೆದು ನಿಧಾನವಾಗಿ ನೀರು ಬಿಡ್ತಾರೆ. ನೀರು ಇಳಿದಂತೆ ಮೀನೆಲ್ಲ ತೂಬಿನ ಮುಂದಿನ ಗುಂಡಿಗೆ ಬಂದು ಸೇರುತ್ತವೆ. ಅಲ್ಲಿಂದ ಬಲೆಯಲ್ಲಿ ಎತ್ತುವುದಷ್ಟೇ ಕೆಲಸ. ಆಮೇಲೆ ತಳ ಒಣಗಿಸಿ, ಸುಣ್ಣ ಹಾಕ್ತಾರೆ. ರೋಗವೂ ಹೋಯಿತು, ಬೇಡದ ಮೀನೂ ಹೋಯಿತು. ಹಿಂದೆ ಕೆಲವು ವರ್ಷಗಳಿಗೊಮ್ಮೆ ಕೆರೆಯನ್ನು ಬೇಸಿಗೆಯಿಡೀ ಒಣ ಬಿಟ್ಟು ಅದರೊಳಗೆ ಓಟ್ಸ್ ಬಿತ್ತುತ್ತಿದ್ದರಂತೆ. ನೆಲಕ್ಕೆ ಕೊಟ್ಟ ರಜೆ ಅನ್ನಿ.

ಎರಡನೆಯದು, ವಯಸ್ಸಿಗೆ ತಕ್ಕ ಕೆರೆ. ಮರಿಗೊಂದು, ಬೆಳೆಯುವುದಕ್ಕೊಂದು, ಕೊಬ್ಬುವುದಕ್ಕೊಂದು, ಚಳಿಗಾಲ ಕಳೆಯಲು ಆಳವಾದದ್ದು ಇನ್ನೊಂದು. ಒಲೊಮೊವ್ಟ್ಸ್‌ನ ಬಿಷಪ್ ಯಾನ್ ದುಬ್ರಾವಿಯುಸ್ 1547ರಲ್ಲೇ ಮೀನುಕೆರೆಗಳ ಮೇಲೆ ಲ್ಯಾಟಿನ್ನಿನಲ್ಲಿ ಒಂದು ಪುಸ್ತಕ ಅಚ್ಚು ಹಾಕಿಸಿದ. ಅದು 1599ರಲ್ಲಿ ಇಂಗ್ಲಿಷಿಗೂ ಹೋಯಿತು. ಬಿಷಪ್ ಒಬ್ಬ ಮೀನು ಸಾಕುವ ಪುಸ್ತಕ ಬರೆದ ಅಂತ ನಗಬೇಡಿ. ನಮ್ಮ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೇ ಸೋಮೇಶ್ವರ ಅದಕ್ಕೂ ನಾನೂರು ವರ್ಷ ಮೊದಲೇ ‘ಮಾನಸೋಲ್ಲಾಸ’ ಎಂಬ ತನ್ನ ಸಂಸ್ಕೃತ ವಿಶ್ವಕೋಶದಲ್ಲಿ ಮತ್ಸ್ಯವಿನೋದ ಅಂತ ಒಂದು ಅಧ್ಯಾಯವನ್ನೇ ಇಟ್ಟಿದ್ದಾನೆ. ಮೀನಿನ ಜಾತಿಗಳು, ಅವಕ್ಕೆ ಹಾಕುವ ತಿನಿಸು, ಗಾಳ ಹಾಕುವ ಬಗೆ ಎಲ್ಲ ಇದೆ. ಅವನದು ವಿನೋದ, ಇವನದು ವ್ಯವಹಾರ, ಅಷ್ಟೇ ವ್ಯತ್ಯಾಸ.

ಮೂರನೆಯದು ಮರಿ. 19ನೇ ಶತಮಾನದಲ್ಲಿ ದುಬಿಶ್ ಎಂಬ ಮೀನುಗಾರ ಒಂದು ಸರಳ ಉಪಾಯ ಹುಡುಕಿದ. ಹುಲ್ಲು ಬೆಳೆದ ಪುಟ್ಟ ಗುಂಡಿಗೆ ಬೆಚ್ಚಗಿನ ಹೊತ್ತಿನಲ್ಲಿ ಮೊಳಕಾಲುದ್ದವೂ ಇಲ್ಲದಷ್ಟು ನೀರು ತುಂಬಿ ತಾಯಿಮೀನುಗಳನ್ನು ಬಿಡುವುದು. ಅವು ಹುಲ್ಲಿಗೆ ಮೊಟ್ಟೆ ಅಂಟಿಸುತ್ತವೆ. ಕೆಲವೇ ದಿನಕ್ಕೆ ಮರಿಗಳನ್ನು ಸೋಸಿ ತೆಗೆದು, ಆಹಾರ ಇರುವ ಇನ್ನೊಂದು ಕೆರೆಗೆ ದಾಟಿಸುವುದು. ನಮ್ಮ ಕಾಟ್ಲಾ, ರೋಹು, ಮೃಗಾಲ್‌ಗಳು ಇಷ್ಟು ಸುಲಭಕ್ಕೆ ಬಗ್ಗುವವಲ್ಲ, ನಿಂತ ನೀರಲ್ಲಿ ಮೊಟ್ಟೆಯನ್ನೇ ಇಡೋದಿಲ್ಲ. ಅದಕ್ಕೇ ಭಾರತದಲ್ಲಿ ನದಿಗಳಿಂದ ಮರಿ ಹಿಡಿದು, ಮಣ್ಣಿನ ಮಡಕೆಗಳಲ್ಲಿ ಸಾಗಿಸುತ್ತಿದ್ದರು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ನಮ್ಮ ಗೆಂಡೆಗಳು ಮೊಟ್ಟೆಯಿಡುವಂತೆ ಮಾಡಿದ ಮೇಲೆಯೇ ನಮ್ಮ ಚಿತ್ರ ಬದಲಾದದ್ದು. ಆ ದಿನವೇ ಈಗ ರಾಷ್ಟ್ರೀಯ ಮೀನು ಕೃಷಿಕರ ದಿನ.

ನಾಲ್ಕನೆಯದು ಆಹಾರ. ಗೆಂಡೆ ಕೆಸರು, ಕೊಳೆತ ಸೊಪ್ಪು ತಿಂದು ಬದುಕುತ್ತೆ ಅಂತ ಜನ ನಂಬಿದ್ದರು. ತ್ರೆಬೋನ್ ಜಹಗೀರಿನ ಅಧಿಕಾರಿ ಯೋಸೆಫ್ ಶುಸ್ತಾ ಮೀನುಗಳ ಹೊಟ್ಟೆ ಸೀಳಿ ನೋಡಿ, ಅದು ತಿನ್ನೋದು ನೀರಿನ ಸಣ್ಣ ಜೀವಿಗಳನ್ನು, ತಳದ ಹುಳುಗಳನ್ನು ಅಂತ 1884ರ ಪುಸ್ತಕದಲ್ಲಿ ತೋರಿಸಿಕೊಟ್ಟ. ಅಂದರೆ ಗೊಬ್ಬರ ಹಾಕೋದು ಮೀನಿಗಲ್ಲ, ನೀರಿಗೆ. ಗೊಬ್ಬರದಿಂದ ಪಾಚಿ, ಪಾಚಿಯಿಂದ ಹುಳು, ಹುಳುವಿನಿಂದ ಮೀನು. ಒಂದು ಕೆರೆಯಲ್ಲಿ ಎಷ್ಟು ಮರಿ ಬಿಡಬೇಕು ಅನ್ನುವ ಲೆಕ್ಕ ಹುಟ್ಟಿದ್ದೂ ಇಲ್ಲಿಂದಲೇ.

ಇಷ್ಟೆಲ್ಲ ಇದ್ದೂ ಈ ವಿದ್ಯೆ ನಾಶವಾಗುವ ಹಂತಕ್ಕೆ ಬಂದಿತ್ತು. 1618ರಿಂದ 1648ರವರೆಗಿನ ಮೂವತ್ತು ವರ್ಷಗಳ ಯುದ್ಧದಲ್ಲಿ ಎಷ್ಟೋ ಏರಿಗಳು ಪಾಳು ಬಿದ್ದವು. ಆಮೇಲೆ ಗೋಧಿ ಮತ್ತು ಸಕ್ಕರೆ ಗೆಡ್ಡೆಗೆ ಬೆಲೆ ಬಂದಾಗ ಸಾವಿರಾರು ಕೆರೆಗಳನ್ನು ಒಡೆದು ಹೊಲ ಮಾಡಿದರು. ನಮ್ಮಲ್ಲಿ ಕೆರೆ ಮುಚ್ಚಿ ಸೈಟು ಮಾಡುವ ಹಾಗೆ! ಉಳಿದದ್ದು ಹೊಲಕ್ಕೆ ಬಾರದ ಜೌಗು ನೆಲದ ಕೆರೆಗಳು, ಮತ್ತು ಏರಿ ಬಿಡದೆ ಹಿಡಿದುಕೊಂಡಿದ್ದ ಮನೆಗಳು. ಈಗ ಅವಕ್ಕೂ ಕಷ್ಟ. ಬಿಸಿ ಬೇಸಿಗೆಗಳಲ್ಲಿ ಆಕಾಶದ ಕೆರೆಗಳು ಒಣಗ್ತಾ ಇವೆ, ನೀರುಕಾಗೆಗಳು ಮರಿ ನುಂಗ್ತಾ ಇವೆ.

ಕಳೆದ ಅಕ್ಟೋಬರಿನಲ್ಲಿ ಇಲ್ಲಿನ ಒಬ್ಬ ಮುದುಕರ ಕೆರೆ ಖಾಲಿ ಮಾಡೋದನ್ನು ನೋಡೋಕೆ ಹೋಗಿದ್ದೆ. (ಇಲ್ಲಿ ಗೆಂಡೆ ತಿನ್ನೋದು ಹೆಸರಿನಲ್ಲಿ ‘ರ್’ ಇರುವ ತಿಂಗಳುಗಳಲ್ಲಿ ಮಾತ್ರ, ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ.) ಹಿಡಿದ ಮೀನನ್ನು ಅವರು ತಕ್ಷಣ ಮಾರಲಿಲ್ಲ. ಮಣ್ಣಿನ ವಾಸನೆ ಹೋಗಲಿ ಅಂತ ಕೆಲವು ದಿನ ಶುದ್ಧ ನೀರಿನ ತೊಟ್ಟಿಯಲ್ಲಿ ಉಪವಾಸ ಇಡ್ತಾರಂತೆ. ಮಾವನ ಕಥೆ ಹೇಳಿದೆ. ಅವರು ಕೇಳಿದ್ದು ಎರಡೇ ಪ್ರಶ್ನೆ. “ಮರಿ ಎಷ್ಟು ದೊಡ್ಡದಿತ್ತು? ಬಿಡುವ ಮುಂಚೆ ಕೆರೆ ಒಣಗಿತ್ತಾ?”

ರಾತ್ರಿ ಮಾವನಿಗೆ ಫೋನ್ ಮಾಡಿದೆ. ಮರಿ ಹುಣಸೆ ಬೀಜದಷ್ಟು ಇತ್ತಂತೆ. ಕೆರೆ ಹಿಂದಿನ ಬೇಸಿಗೆಯಲ್ಲಿ ಒಣಗಿರಲಿಲ್ಲ, ಬೇರೆ ಮೀನು ತಿನ್ನುವ ಮೀನುಗಳು ಹಾಗೇ ಇದ್ದವು.

“ಹಂಗಾದ್ರೆ ನಾನು ದುಡ್ಡು ಕೊಟ್ಟು ಅವಕ್ಕೆ ಊಟ ಹಾಕ್ದೆ ಅನ್ನು,” ಅಂದರು ಮಾವ.

“ಮಾವ, ಈ ಸಲ ಮೊದಲು ತೋಟದಲ್ಲಿ ಒಂದು ಸಣ್ಣ ಗುಂಡಿ ತೆಗೆಸಿ. ಮರಿ ಬೆರಳುದ್ದ ಆದಮೇಲೆ ಕೆರೆಗೆ ಬಿಡಿ.”

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಗುಂಡಿ ತೆಗೆಸಬಹುದು ಕಣೋ. ಆದ್ರೆ ಕೆರೆ ತೂಬು ಹೂಳಲ್ಲಿ ಮುಚ್ಚಿಹೋಗಿ ಇಪ್ಪತ್ತು ವರ್ಷ ಆಯ್ತು. ನೀರಗಂಟಿ ಸತ್ತ ಮೇಲೆ ಅದನ್ನ ತೆಗೆದೋರೇ ಇಲ್ಲ,” ಅಂದರು.

ಐನೂರು ವರ್ಷದ ಇತಿಹಾಸ ಓದಿ ನಾನು ಕಲಿತದ್ದನ್ನು ಮಾವ ಒಂದೇ ಮಾತಲ್ಲಿ ಹೇಳಿಬಿಟ್ಟರು. ಕೃಚೀನನ ಏರಿ ಇವತ್ತಿಗೂ ನಿಂತಿರೋದು ಅವನು ಜಾಣ ಅಂತ ಮಾತ್ರ ಅಲ್ಲ. ಪ್ರತಿ ತಲೆಮಾರಿನಲ್ಲೂ ಯಾರೋ ಒಬ್ಬರು ಹೋಗಿ ತೂಬು ತೆಗೆದಿದ್ದಾರೆ, ಮತ್ತೆ ಮುಚ್ಚಿದ್ದಾರೆ.

ಮಾವ ಈ ಬೇಸಿಗೆಯಲ್ಲಿ ಗುಂಡಿ ತೆಗೆಸ್ತಾರಂತೆ. ತೂಬಿನ ಹೂಳು ತೆಗೆಸೋಕೆ ಊರಲ್ಲಿ ಚಂದಾ ಎತ್ತೋಣ ಅಂತಲೂ ಮಾತಾಗಿದೆ, ನನ್ನ ಪಾಲು ಕಳಿಸಿದ್ದೇನೆ. ನಿಮ್ಮೂರಿನ ಕೆರೆಯ ತೂಬು ಹೇಗಿದೆ? ಮುಂದಿನ ಸಲ ಊರಿಗೆ ಹೋದಾಗ ಒಮ್ಮೆ ಏರಿ ಮೇಲೆ ನಡೆದು ನೋಡಿ ಬನ್ನಿ.