ಮೈಸೂರು, 1930: ಕಾಯಿಲೆ ಇಲ್ಲದೆ ಆಸ್ಪತ್ರೆಗೆ

ಇವತ್ತು ನಿಮ್ಮನ್ನ 1930ರ ಮೈಸೂರಿಗೆ ಕರ್ಕೊಂಡು ಹೋಗ್ತೀನಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ಮಿರ್ಜಾ ಇಸ್ಮಾಯಿಲ್ ದಿವಾನರು. ಆ ವರ್ಷ ಮೈಸೂರು ಸರ್ಕಾರ ರಾಜ್ಯದ ಪ್ರಮುಖ ಆಸ್ಪತ್ರೆಗಳಲ್ಲಿ ಜನನ ನಿಯಂತ್ರಣ ಕ್ಲಿನಿಕ್ ತೆರೆಯೋಕೆ ಆದೇಶ ಹೊರಡಿಸ್ತು. ಸರ್ಕಾರವೇ ಇಂಥ ಕ್ಲಿನಿಕ್ ನಡೆಸಿದ್ದು ಪ್ರಪಂಚದಲ್ಲೇ ಮೊದಲು ಅಂತ ಇತಿಹಾಸಕಾರರು ಹೇಳ್ತಾರೆ. ದಸರಾ, ಕೆಆರ್‌ಎಸ್ ಬಗ್ಗೆ ಕೊಚ್ಚಿಕೊಳ್ಳೋ ನಾವು ಇದನ್ನ ಮಾತ್ರ ಯಾಕೋ ಬಾಯಿಬಿಟ್ಟು ಹೇಳಲ್ಲ.

ನನಗೆ ಇಲ್ಲಿ ದೊಡ್ಡದು ಅನ್ನಿಸೋದು ಕ್ಲಿನಿಕ್‌ ಅಲ್ಲ. ಜ್ವರ ಇಲ್ಲ, ಹೆರಿಗೆ ನೋವಿಲ್ಲ, ಆದ್ರೂ ಹೆಣ್ಣುಮಗಳೊಬ್ಬಳು ತನ್ನ ಮೈ ಬಗ್ಗೆ ಮುಂದಾಲೋಚನೆ ಮಾಡಿ ಆಸ್ಪತ್ರೆಗೆ ಬರಬಹುದು ಅಂತ ಸರ್ಕಾರ ಒಪ್ಪಿಕೊಳ್ತಲ್ಲ, ಅದು.

ಕ್ಯಾನ್ಸರ್ ತಪಾಸಣೆ ಕೇಳೋದೂ ಅದನ್ನೇ. ಗರ್ಭಕಂಠದ ಕ್ಯಾನ್ಸರ್ ಒಂದೇ ದಿನ ಬರಲ್ಲ. ಎಚ್‌ಪಿವಿ ಅನ್ನೋ ವೈರಸ್ ಒಳಗೇ ಉಳಿದುಕೊಂಡ್ರೆ, ಜೀವಕೋಶಗಳು ವರ್ಷಗಟ್ಟಲೆ ಸದ್ದಿಲ್ಲದೆ ಬದಲಾಗ್ತಾ ಹೋಗುತ್ತವೆ. ನೋವಿಲ್ಲ, ಏನಿಲ್ಲ. ಹಿಡಿಯೋಕೆ ಸಿಗೋ ಕಾಲವೂ ಅದೇ. ಆ ಬದಲಾವಣೆಯನ್ನ ಗಾಜಿನ ಪಟ್ಟಿ ಮೇಲೆ ಗುರುತಿಸೋ ವಿಧಾನವನ್ನ ಜಾರ್ಜ್ ಪಾಪನಿಕೊಲಾವ್ 1928ರಲ್ಲೇ ಅಮೆರಿಕದಲ್ಲಿ ಮಂಡಿಸಿದ್ದರು. ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಪ್ಯಾಪ್ ಟೆಸ್ಟ್ ಅಂತ ಹೆಸರು ಮಾಡಿದ್ದು 1940ರ ದಶಕದ ನಂತರ.

ಆದ್ರೆ ಅದಕ್ಕೆ ಲ್ಯಾಬ್ ಬೇಕು, ತಜ್ಞರು ಬೇಕು, ರಿಪೋರ್ಟಿಗೆ ಮತ್ತೆ ಬರಬೇಕು. ಕೂಲಿ ಬಿಟ್ಟು ಎರಡು ಸಲ ಯಾರು ಬರ್ತಾರೆ? ಹಾಗಾಗಿ ಮುಂಬೈಯ ಟಾಟಾ ಮೆಮೋರಿಯಲ್‌ನವರು ವಿನೆಗರ್ ಹಿಡಿದರು. ದುರ್ಬಲ ಅಸಿಟಿಕ್ ಆಮ್ಲ ಹಚ್ಚಿ ಒಂದು ನಿಮಿಷ ಕಾದ್ರೆ ಅನುಮಾನದ ಜಾಗ ಬೆಳ್ಳಗಾಗುತ್ತೆ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರೇ ನೋಡಿದರು. ಸುಮಾರು ಒಂದೂವರೆ ಲಕ್ಷ ಮಹಿಳೆಯರ ಆ ಅಧ್ಯಯನದಲ್ಲಿ ಗರ್ಭಕಂಠದ ಕ್ಯಾನ್ಸರ್ ಸಾವು 31% ಇಳಿಯಿತು ಅಂತ 2013ರಲ್ಲಿ ಘೋಷಣೆಯಾಯ್ತು.

ಸ್ತನದ ಸ್ವಯಂ ಪರೀಕ್ಷೆ ಕಥೆ ಬೇರೆ. ಶಾಂಘೈನ ಜವಳಿ ಕಾರ್ಖಾನೆಗಳ 2.66 ಲಕ್ಷ ಮಹಿಳೆಯರ ಮೇಲೆ ನಡೆದ ಅಧ್ಯಯನದಲ್ಲಿ, ಅದನ್ನ ಕಲಿಸಿಕೊಟ್ಟರೂ ಸಾವು ಇಳಿಯಲಿಲ್ಲ. 2002ರ ಫಲಿತಾಂಶ ಅದು. ಹಾಗಂತ ಗಂಟು ಸಿಕ್ಕಿದ್ರೆ ಸುಮ್ಮನಿರಿ ಅಂತಲ್ಲ, ತಕ್ಷಣ ತೋರಿಸಿ. ನನ್ನದೇ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ, ಡಾಕ್ಟರ್ ಯಾಕೆ ಅನ್ನೋ ಧೈರ್ಯ ಮಾತ್ರ ಬೇಡ.

2016ರಿಂದ ಕೇಂದ್ರ ಸರ್ಕಾರದ ಮಾರ್ಗಸೂಚಿ ಇದೆ: 30 ದಾಟಿದವರಿಗೆ 5 ವರ್ಷಕ್ಕೊಮ್ಮೆ ಬಾಯಿ, ಸ್ತನ, ಗರ್ಭಕಂಠದ ತಪಾಸಣೆ. ಆದ್ರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೇಶದಲ್ಲಿ 30–49 ವಯಸ್ಸಿನವರ ಪೈಕಿ ಗರ್ಭಕಂಠದ ತಪಾಸಣೆ ಒಮ್ಮೆಯಾದರೂ ಮಾಡಿಸಿಕೊಂಡವರು 1.9%. ನೂರಕ್ಕೆ ಇಬ್ಬರೂ ಇಲ್ಲ! 1930ರ ಆದೇಶ ಹೊರಟು ತೊಂಬತ್ತು ವರ್ಷ ಆಗಿತ್ತು.

ನಾಚಿಕೆ, ಭಯ, ಗಂಡನ ಒಪ್ಪಿಗೆ, ಬಸ್ಸು, ಕಾರಣ ಒಂದಾ ಎರಡಾ. ಮೈಸೂರಿನ ಪಬ್ಲಿಕ್ ಹೆಲ್ತ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ ಸಂಸ್ಥೆ ಸುತ್ತಮುತ್ತಲ ಗ್ರಾಮೀಣ ಮಹಿಳೆಯರ ನಡುವೆ ಬೇರೆ ದಾರಿ ಪ್ರಯತ್ನಿಸಿದೆ. ಎಚ್‌ಪಿವಿ ಪರೀಕ್ಷೆಗೆ ಸ್ಯಾಂಪಲ್ಲನ್ನ ಮಹಿಳೆಯೇ ತೆಗೆದುಕೊಡೋದು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇದಕ್ಕೆ ಸೈ ಅಂದಿದೆ. ಬಾಗಿಲು ಹಾಕಿಕೊಂಡು, ಪುಟ್ಟ ಬ್ರಷ್‌ನಲ್ಲಿ, ಕೆಲವೇ ನಿಮಿಷದ ಕೆಲಸ. ಯಾರ ಮುಂದೆಯೂ ಮಲಗಬೇಕಾಗಿಲ್ಲ.