ಹೆರಿಂಗ್ ವಾಸನೆಯ ಮನೆ: ಶಾಗಾಲ್ ಬರೆದ ಯೆಹೂದಿ ಬದುಕು

ಮಾರ್ಕ್ ಶಾಗಾಲ್ ಅಂದ ಕೂಡಲೇ ಗಾಳಿಯಲ್ಲಿ ತೇಲುವ ಪ್ರೇಮಿಗಳು, ಮಾಡಿನ ಮೇಲೆ ಕೂತ ಪಿಟೀಲಿನವನು, ಹಸಿರು ಮುಖದ ಮನುಷ್ಯ ನೆನಪಾಗುತ್ತಾರೆ. ಕಲಾವಿಮರ್ಶೆ ಇವಕ್ಕೆಲ್ಲ ಒಂದೇ ಮಾತು ಹುಡುಕಿಟ್ಟಿದೆ: ಕನಸು. ಪ್ಯಾರಿಸಿನಲ್ಲಿ ಕವಿ ಅಪೊಲಿನೇರ್ ಈತನ ಚಿತ್ರಗಳನ್ನು ನೋಡಿ, ಇವು ಸಹಜಕ್ಕೆ ಮೀರಿದವು ಎಂಬರ್ಥದ ಮಾತಾಡಿದನಂತೆ. ಅದನ್ನು ಶಾಗಾಲನೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಹೊಗಳಿಕೆಯ ಮಾತೇ ಹೌದು. ಆದರೆ ಹೊಗಳಿಕೆಯೂ ಬಾಗಿಲು ಮುಚ್ಚಬಲ್ಲದು. ಬಡವರ ಮನೆಯ ಸಂಗತಿಯನ್ನು ಕನಸು ಅಂತ ಕರೆದುಬಿಟ್ಟರೆ ಆ ಮನೆಯ ಬಗ್ಗೆ ಮತ್ತೇನನ್ನೂ ಕೇಳಬೇಕಾಗಿಲ್ಲ. ಆ ಮನೆ ಯಾವುದು, ಅದರಲ್ಲಿ ಯಾರು ದುಡಿಯುತ್ತಿದ್ದರು, ಚಿತ್ರದೊಳಕ್ಕೆ ಏನು ಬಂತು, ಏನು ಹೊರಗೇ ಉಳಿಯಿತು ಎಂಬುದನ್ನು ಇಲ್ಲಿ ಕೇಳಬೇಕೆಂದಿದ್ದೇನೆ.

ದಲಿತ ವಿಮರ್ಶೆಯ ಸಂಚಿಕೆಯಲ್ಲಿ ರಷ್ಯದ ಯೆಹೂದಿ ಯಾಕೆ ಅನ್ನುವವರಿದ್ದಾರು. ಅಂಬೇಡ್ಕರರ ಒಂದು ಹಸ್ತಪ್ರತಿಯ ಹೆಸರಿನಲ್ಲೇ ಅಸ್ಪೃಶ್ಯರನ್ನು ಇಂಡಿಯಾದ ‘ಘೆಟ್ಟೋ’ದ ಮಕ್ಕಳು ಎಂದು ಕರೆದಿದೆ. ಮಹಾರಾಷ್ಟ್ರ ಸರ್ಕಾರ 1989ರಲ್ಲಿ ಅದನ್ನು ಅವರ ಬರಹಗಳ ಐದನೆಯ ಸಂಪುಟದಲ್ಲಿ ಅಚ್ಚುಮಾಡಿತು. ಘೆಟ್ಟೋ ಅಂದರೆ ಯುರೋಪಿನ ಊರುಗಳಲ್ಲಿ ಯೆಹೂದಿಗಳನ್ನು ಕೂಡಿಹಾಕಿದ ಕೇರಿ. ಹಾಗೆಂದು ಎರಡೂ ನೋವು ಒಂದೇ ಅಂತ ಸಮೀಕರಿಸಿ ಕೈತೊಳೆದುಕೊಳ್ಳುವ ಹಾಗಿಲ್ಲ. ಅಲ್ಲಿ ಕಡುಬಡವನ ಗಂಡುಮಗನೂ ಧರ್ಮಗ್ರಂಥ ಓದಲು ಕಲಿಯಲೇಬೇಕಿತ್ತು. ಇಲ್ಲಿ ನಮ್ಮವರ ಕಿವಿಗೆ ಅಕ್ಷರ ಬಿದ್ದರೂ ಅಪರಾಧ. ಅವರಿಗೆ ನಿಷಿದ್ಧವಾಗಿದ್ದದ್ದು ಅಕ್ಷರವಲ್ಲ, ರೂಪ. ಅದೂ ಹೊರಗಿನವರು ಹಾಕಿದ ಕಟ್ಟಲ್ಲ, ಶ್ರದ್ಧಾವಂತ ಹಸಿದೀಯ ಮನೆಗಳು ತಾವೇ ಹಾಕಿಕೊಂಡದ್ದು. ಅಂಥ ಮನೆಯ ಹುಡುಗ ಕುಂಚ ಹಿಡಿದ ಅನ್ನುವುದರಲ್ಲೇ ಒಂದು ಜಗಳವಿದೆ.

1791ರಲ್ಲಿ ರಾಣಿ ಕ್ಯಾಥರೀನಳ ಕಾಲದಲ್ಲಿ ರಷ್ಯದ ಪಶ್ಚಿಮ ಅಂಚಿನಲ್ಲಿ ಒಂದು ಗಡಿ ಬಿತ್ತು. ಯೆಹೂದಿಗಳು ಅದರೊಳಗೇ ಬಾಳಬೇಕು, ದಾಟುವುದಾದರೆ ಪರವಾನಗಿ ಬೇಕು. ಈ ಕಟ್ಟಳೆ ಪೂರಾ ಹೋದದ್ದು 1917ರಲ್ಲಿ. 1897ರ ಜನಗಣತಿಯ ಹೊತ್ತಿಗೆ ಸಾಮ್ರಾಜ್ಯದಲ್ಲಿದ್ದ ಯೆಹೂದಿಗಳು ಸುಮಾರು 50 ಲಕ್ಷ, ಬಹುಪಾಲು ಎಲ್ಲರೂ ಆ ಗಡಿಯೊಳಗೇ. ಈಗ ಬೆಲಾರೂಸಿಗೆ ಸೇರಿರುವ ವಿಟೆಬ್‌ಸ್ಕ್ ಪಟ್ಟಣದಲ್ಲಿ ಅರ್ಧದಷ್ಟು ಜನ ಅವರೇ. ಶಾಗಾಲ್ ಹುಟ್ಟಿದ 1887ರಲ್ಲೇ ಸರ್ಕಾರ ಇನ್ನೊಂದು ಆಜ್ಞೆ ಹೊರಡಿಸಿತು: ಪ್ರೌಢಶಾಲೆ, ವಿಶ್ವವಿದ್ಯಾಲಯಗಳಲ್ಲಿ ಯೆಹೂದಿ ಹುಡುಗರು ಗಡಿಯೊಳಗಾದರೆ ಶೇಕಡಾ 10ನ್ನು, ಹೊರಗಾದರೆ 5ನ್ನು, ರಾಜಧಾನಿಗಳಲ್ಲಿ 3ನ್ನು ಮೀರಬಾರದು. ‘ಕೋಟಾ’ ಅನ್ನುವ ಮಾತು ಕೇಳಿದರೇ ಮೈ ಉರಿಯುವ ನಮ್ಮ ಮೇಲ್ಜಾತಿ ಮಿತ್ರರು ಇದನ್ನು ಗಮನಿಸಬೇಕು. ನಮ್ಮ ಮೀಸಲಾತಿ ಇಷ್ಟಾದರೂ ಒಳಗೆ ಬರಲಿ ಅನ್ನುತ್ತದೆ. ಜಾರನ ಕೋಟಾ ಇಷ್ಟಕ್ಕಿಂತ ಹೆಚ್ಚು ಬರಬಾರದು ಅನ್ನುತ್ತಿತ್ತು. ಶಾಗಾಲನ ತಾಯಿ ಮೇಷ್ಟರಿಗೆ ಲಂಚ ಕೊಟ್ಟು ಮಗನನ್ನು ರಷ್ಯನ್ ಶಾಲೆಗೆ ತೂರಿಸಿದಳು.

ಚಿತ್ರಕಲೆ ಕಲಿಯಲು ಪೀಟರ್ಸ್‌ಬರ್ಗ್‌ಗೆ ಹೋದಾಗಲೂ ಇದೇ ಪಾಡು. ಅಲ್ಲಿ ಉಳಿಯುವ ಹಕ್ಕು ಅವನಿಗಿರಲಿಲ್ಲ. ಪರವಾನಗಿಯಿಲ್ಲದೆ ಸಿಕ್ಕಿಬಿದ್ದು ಸ್ವಲ್ಪ ದಿನ ಜೈಲೂ ಕಂಡ. ಕೊನೆಗೆ ಒಬ್ಬ ಯೆಹೂದಿ ವಕೀಲನ ಮನೆಯಾಳು ಅಂತ ಕಾಗದದಲ್ಲಿ ಬರೆಸಿಕೊಂಡು ಉಳಿದ. ಆಧುನಿಕ ಕಲೆಯ ಚರಿತ್ರೆಯ ದೊಡ್ಡ ಹೆಸರೊಂದು ಸರ್ಕಾರಿ ದಫ್ತರದಲ್ಲಿ ಮನೆಗೆಲಸದವನಾಗಿ ದಾಖಲಾಗಿದ್ದು ಹೀಗೆ. ಅವನು ಓದಿದ ಕಲಾಶಾಲೆಗೆ ಆಗ ನಿರ್ದೇಶಕನಾಗಿದ್ದವನು ನಿಕೊಲಾಯ್ ರೋರಿಕ್. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ನಾವು ನೋಡುವ ಹಿಮಾಲಯದ ಚಿತ್ರಗಳ ರೋರಿಕ್. ಕನಕಪುರ ರಸ್ತೆಯ ತಾತಗುಣಿಯಲ್ಲಿ ನೆಲೆಸಿ 1993ರಲ್ಲಿ ತೀರಿಕೊಂಡ ಸ್ವೆಟೊಸ್ಲಾವ್ ರೋರಿಕರ ತಂದೆ. ಆತ ಈ ಹುಡುಗನಿಗೆ ಸಹಾಯ ಮಾಡಿದ್ದುಂಟು. ಇರಲಿ.

ಈಗ ಮನೆಗೆ ಬರೋಣ. ಒಂಬತ್ತು ಮಕ್ಕಳಲ್ಲಿ ಇವನೇ ಹಿರಿಯ. ಅಪ್ಪ ಹೆರಿಂಗ್ ಮೀನಿನ ಉಗ್ರಾಣದಲ್ಲಿ ಕೂಲಿ. ಉಪ್ಪುನೀರಲ್ಲಿ ನೆನೆದ ಮೀನಿನ ಪೀಪಾಯಿಗಳನ್ನು ಎತ್ತಿಡುವ ಕೆಲಸ. ಅವ್ವ ಸಣ್ಣ ಕಿರಾಣಿ ಅಂಗಡಿ ಇಟ್ಟಿದ್ದಳು. ಇಂಥ ಬದುಕನ್ನು ಬರೆಯಲು ಅದೇ ಊರಿನಲ್ಲಿ ಒಂದು ಮಾದರಿ ಆಗಲೇ ಇತ್ತು. ಶಾಗಾಲನ ಮೊದಲ ಗುರು ಯೆಹೂದಾ ಪೆನ್ 1897ರಲ್ಲಿ ಅಲ್ಲಿ ಕಲಾಶಾಲೆ ತೆರೆದಿದ್ದ. ಗಡಿಯಾರ ರಿಪೇರಿಯವನು, ದರ್ಜಿ, ವಿಚ್ಛೇದನದ ಪತ್ರ ಬರೆಸುವ ಗಂಡಹೆಂಡಿರು, ಇವರನ್ನೆಲ್ಲ ಪೆನ್ ಕೂದಲೆಳೆ ತಪ್ಪದಂತೆ ಬರೆದ. ಗೌರವದ ಕೆಲಸ. ಆದರೆ ಆ ಚಿತ್ರಗಳಲ್ಲಿ ಮನೆಯ ಜನ ಅತಿಥಿಯ ಮುಂದೆ ಕೂತ ಹಾಗೆ ಕೂರುತ್ತಾರೆ, ಬಟ್ಟೆ ಸರಿಮಾಡಿಕೊಂಡು.

ಶಾಗಾಲ್ 1910ರಲ್ಲಿ ಬರೆದ ‘ಜನನ’ದಲ್ಲಿ ಯಾರೂ ಬಟ್ಟೆ ಸರಿಮಾಡಿಕೊಂಡಿಲ್ಲ. ಕೆಂಪು ಪರದೆಯ ಮಂಚದ ಮೇಲೆ ಬಾಣಂತಿ ಬೆತ್ತಲೆ ಬಿದ್ದಿದ್ದಾಳೆ, ಹಾಸಿಗೆಯಲ್ಲಿ ರಕ್ತ. ಸೂಲಗಿತ್ತಿ ಕೂಸನ್ನು ಹಿಡಿದು ನೆಟ್ಟಗೆ ನಿಂತಿದ್ದಾಳೆ. ಗಡ್ಡದವನೊಬ್ಬ, ತಂದೆಯೇ ಇರಬೇಕು, ಮಂಚದ ಕೆಳಗೆ ತೂರಿಕೊಂಡಿದ್ದಾನೆ. ಬಲಗಡೆಯಿಂದ ಗಂಡಸರು ನುಗ್ಗುತ್ತಿದ್ದಾರೆ, ಜೊತೆಗೊಂದು ಹಸು. ಯುರೋಪಿನ ಚಿತ್ರಕಲೆ ದೇವಮಾತೆಯ ಹೆರಿಗೆಯನ್ನು ಶತಮಾನಗಳ ಕಾಲ ನೋವಿಲ್ಲದೆ, ನೆತ್ತರಿಲ್ಲದೆ ಬರೆದುಕೊಂಡು ಬಂದಿತ್ತು. ಈ ಹುಡುಗ ಒಂದೇ ಕೋಣೆಯ ಮನೆಯಲ್ಲಿ ಹೆರಿಗೆ ಹೇಗಾಗುತ್ತದೋ ಹಾಗೆ ಬರೆದ. ಇದರಲ್ಲಿ ನನಗೆ ಮುಖ್ಯವಾಗಿ ಕಾಣುವವಳು ಸೂಲಗಿತ್ತಿ. ಚಿತ್ರದಲ್ಲಿ ಸ್ವಸ್ಥಚಿತ್ತದಿಂದ ಕೆಲಸ ಮಾಡುತ್ತಿರುವವಳು ಅವಳೊಬ್ಬಳೇ. ಹೆರಿಗೆಯ ಹೊತ್ತಿಗೆ ಮಾತ್ರ ನಮ್ಮ ಅವ್ವಂದಿರನ್ನು ಒಳಗೆ ಕರೆದು, ಹೊಕ್ಕುಳಬಳ್ಳಿ ಕೊಯ್ಸಿ, ಆಮೇಲೆ ಮನೆ ತೊಳೆದುಕೊಂಡವರ ನಾಡು ಇದು. ನಾವು ಈ ಚಿತ್ರದ ಮುಂದೆ ಕೊಂಚ ಹೆಚ್ಚು ಹೊತ್ತು ನಿಲ್ಲಬಹುದು.

ಅದೇ ವರ್ಷ ಪ್ಯಾರಿಸಿಗೆ ಹೋಗಿ ಬರೆದ ‘ಸಬ್ಬತ್’ನಲ್ಲಿ ತೂಗುದೀಪ, ಗೋಡೆ ಗಡಿಯಾರ, ಮೇಣದಬತ್ತಿ, ಏನೂ ಮಾಡದೆ ಕೂತ ಜನ. ವ್ಯಾನ್ ಗೋನ ಬಣ್ಣಗಳ ಪ್ರಭಾವ ಅಂತ ಇತಿಹಾಸಕಾರರು ಹೇಳುತ್ತಾರೆ, ನಿಜ. ಆದರೆ ಏನೂ ಮಾಡದೆ ಕೂರುವುದು ಪೀಪಾಯಿ ಹೊರುವವನಿಗೆ ಏನು ಅನ್ನೋದನ್ನು ಬಣ್ಣದ ಪ್ರಭಾವ ಹೇಳಲಾರದು. ವಾರದ ಆರು ದಿನ ಮೈ ಧಣಿಯದ್ದು, ಒಂದು ದಿನ ಮಾತ್ರ ಅವನದ್ದು.

1914ರಲ್ಲಿ ಶಾಗಾಲ್ ಊರಿಗೆ ಮರಳಿದ. ಯುದ್ಧ ಶುರುವಾಗಿ ಅಲ್ಲೇ ಸಿಕ್ಕಿಕೊಂಡ. ಮರುವರ್ಷ ರಷ್ಯದ ಸೈನ್ಯ ಗಡಿಭಾಗದ ಯೆಹೂದಿಗಳನ್ನು ಊರೂರಿಂದಲೇ ಎಬ್ಬಿಸಿ ಓಡಿಸಿತು. ಈ ಕಾಲದ ತನ್ನ ಚಿತ್ರಗಳನ್ನು ಅವನು ದಾಖಲೆಗಳು ಎಂದೇ ಕರೆದ. ಅವುಗಳಲ್ಲೊಂದು ‘ವಿಟೆಬ್‌ಸ್ಕ್ ಮೇಲೆ’: ಹಿಮ ಬಿದ್ದ ಬೀದಿ, ಚರ್ಚು, ಆಕಾಶದಲ್ಲಿ ಕೋಲು ಹಿಡಿದು ಚೀಲ ಹೊತ್ತ ಮುದುಕ. ಕನಸು ಅನ್ನುವವರು ಇಲ್ಲಿ ಎಡವುತ್ತಾರೆ. ತಿರುಪೆಯವನು ಮನೆಮನೆ ತಿರುಗುತ್ತಾನೆ ಅನ್ನುವುದಕ್ಕೆ ಯಿಡ್ಡಿಷ್ ಆಡುಮಾತಿನಲ್ಲಿ ಅವನು ಮನೆಗಳ ಮೇಲೆ ಹೋಗುತ್ತಾನೆ ಅನ್ನುತ್ತಾರೆ. ಶಾಗಾಲ್ ತನ್ನವ್ವನ ಭಾಷೆಯನ್ನು ಇದ್ದದ್ದು ಇದ್ದ ಹಾಗೆ ಬರೆದ, ಅಷ್ಟೆ. ಯಿಡ್ಡಿಷನ್ನು ಓದಿದ ಯೆಹೂದಿಗಳೇ ಕೆಟ್ಟ ಮಾತು, ಬೆರಕೆ ಮಾತು ಅಂತ ತುಚ್ಛೀಕರಿಸುತ್ತಿದ್ದರು. ಆ ಭಾಷೆ ಗೊತ್ತಿಲ್ಲದವನಿಗೆ ಹಾರುವ ಮುದುಕ ಪವಾಡವಾಗಿ ಕಾಣುತ್ತಾನೆ. ಗೊತ್ತಿದ್ದವನಿಗೆ ಮನೆ ಕಳಕೊಂಡ ನಿರಾಶ್ರಿತನಾಗಿ ಕಾಣುತ್ತಾನೆ. ನಂಜನಗೂಡು ಸೀಮೆಯ ಆಡುಮಾತಿನ ‘ಕುಸುಮಬಾಲೆ’ಗೆ ಪರದೇಶದ ‘ಮಾಂತ್ರಿಕ ವಾಸ್ತವತೆ’ಯ ಚೀಟಿ ಅಂಟಿಸಿದವರು ಮಾಡಿದ್ದೂ ಇದನ್ನೇ ಅಲ್ಲವೆ?

ಅದೇ ವರ್ಷದ ‘ಪ್ರಾರ್ಥಿಸುವ ಯೆಹೂದಿ’ಯ ಕತೆ ಇನ್ನೂ ತೊಡಕಿನದು. ಬಿಳಿ ಶಾಲು ಹೊದ್ದು, ಹಣೆಗೆ, ತೋಳಿಗೆ ಮಂತ್ರದ ಚರ್ಮಪೆಟ್ಟಿಗೆ ಕಟ್ಟಿಕೊಂಡ ಆ ಗಂಭೀರ ಮುದುಕ ಗುರುವೂ ಅಲ್ಲ, ಪಂಡಿತನೂ ಅಲ್ಲ, ಒಬ್ಬ ಭಿಕ್ಷುಕ. ಶಾಗಾಲ್ ಅವನಿಗೆ ದುಡ್ಡು ಕೊಟ್ಟು, ತನ್ನ ಅಪ್ಪನ ಪ್ರಾರ್ಥನೆಯ ವಸ್ತ್ರ ಉಡಿಸಿ ಕೂರಿಸಿದ. ತಿರುಪೆಯವನಿಗೆ ಮಹಿಮೆ ಬಂತು ಅನ್ನಬಹುದು. ಅಪ್ಪನನ್ನೇ ಯಾಕೆ ಕೂರಿಸಲಿಲ್ಲ ಅಂತಲೂ ಕೇಳಬಹುದು. ಪ್ರಾಯಶಃ ಅಪ್ಪನಿಗೆ ಬಿಡುವಿರಲಿಲ್ಲ.

ಈ ಮನೆಯನ್ನು ಇನ್ನೊಬ್ಬರೂ ಬರೆದರು. 1915ರಲ್ಲಿ ಶಾಗಾಲ್ ಮದುವೆಯಾದ ಬೆಲ್ಲಾ ರೋಸೆನ್‌ಫೆಲ್ಡ್ ಅದೇ ಊರಿನ ಚಿನ್ನಬೆಳ್ಳಿ ವ್ಯಾಪಾರಿಯ ಮಗಳು. ಹೆರಿಂಗ್ ಕೂಲಿಯವನ ಮಗನನ್ನು ಅವಳ ಮನೆಯವರು ಮನಸಾರೆ ಒಪ್ಪಿರಲಿಲ್ಲ. ಒಂದೇ ಧರ್ಮ, ಒಂದೇ ಊರು, ಒಂದೇ ಗಡಿಯೊಳಗಿನ ಬಂಧನ, ಆದರೂ ಒಳಗೆ ಮೆಟ್ಟಿಲುಗಳಿದ್ದವು. ‘ಹುಟ್ಟುಹಬ್ಬ’ ಚಿತ್ರದಲ್ಲಿ ಅವಳು ಹೂ ಹಿಡಿದಿದ್ದಾಳೆ, ಅವನು ತೇಲಿ ಬಂದು ಮುತ್ತಿಡುತ್ತಾನೆ. ನಾವು ನೋಡುವುದು ಅವನ ಹಾರಾಟವನ್ನು. 1944ರಲ್ಲಿ ಅವಳು ಸತ್ತ ಮೇಲೆ ಬೆಳಕು ಕಂಡ ಅವಳ ಯಿಡ್ಡಿಷ್ ನೆನಪುಗಳಲ್ಲಿ ಬೇರೆಯದೇ ಮನೆಯಿದೆ: ಅಡುಗೆಕೋಣೆ, ಕೆಲಸದ ಹೆಂಗಸರು, ವಾರವೆಲ್ಲ ಅಂಗಡಿಯಲ್ಲೇ ಮುಳುಗಿ ಶುಕ್ರವಾರ ಸಂಜೆ ಮಾತ್ರ ಮಕ್ಕಳಿಗೆ ಸಿಗುವ ತಾಯಿ. ಸಬ್ಬತ್ತಿನ ವಿಶ್ರಾಂತಿಯ ಹಿಂದೆ ಎಷ್ಟು ಹೆಂಗಸರ ದುಡಿಮೆ ಇತ್ತು ಎಂಬುದು ಅವಳ ಪುಸ್ತಕದಿಂದ ತಿಳಿಯುತ್ತದೆ, ಅವನ ಚಿತ್ರದಿಂದಲ್ಲ. ಅದಕ್ಕೆ ರೇಖಾಚಿತ್ರ ಬರೆದುಕೊಟ್ಟವನು ಮಾತ್ರ ಶಾಗಾಲನೇ.

ಅಪ್ಪನ ವಿಚಾರ ಬಾಕಿ ಉಳಿಯಿತು. ಹಬ್ಬದ ಮೇಜು, ಮದುವೆ, ಸಾವು, ಪ್ರಾರ್ಥನೆ, ಎಲ್ಲವೂ ಬಂದ ಆ ಹೆಸರಾಂತ ಚಿತ್ರಗಳಲ್ಲಿ ಉಗ್ರಾಣದ ಕೂಲಿಗೆ ಜಾಗ ಸಿಗಲಿಲ್ಲ. ಅಪ್ಪನ ಭಾರದ ಬಗ್ಗೆ ಆತ್ಮಕಥೆಯಲ್ಲಿ ಸಂಕಟದಿಂದ ಬರೆದವನು ಬಣ್ಣದಲ್ಲಿ ಅದನ್ನು ತರಲು ಹಿಂಜರಿದ. 1921ರ ಸುಮಾರಿಗೆ ಅಪ್ಪ ಲಾರಿಗೆ ಸಿಕ್ಕಿ ಸತ್ತ. ಆಮೇಲೆ, 1930ರಿಂದ 39ರವರೆಗೆ ತಿದ್ದುತ್ತಾ ಕೂತ ಒಂದು ಚಿತ್ರದಲ್ಲಿ ರೆಕ್ಕೆ ಕಟ್ಟಿಕೊಂಡ ಭಾರೀ ಮೀನೊಂದು ನದಿಯ ಮೇಲೆ ಬರುತ್ತದೆ, ಕೆಳಗೆ ಮನೆಯ ಆ ಗೋಡೆ ಗಡಿಯಾರ ಜೋತುಬಿದ್ದಿದೆ. ಅದು ಹೆರಿಂಗ್ ಅಂತ ಹೇಳುವವರಿದ್ದಾರೆ, ನಾನೂ ಒಪ್ಪುತ್ತೇನೆ. ಪೀಪಾಯಿ ಆಗಲೂ ಬರಲಿಲ್ಲ.

1941ರ ಜುಲೈನಲ್ಲಿ ಜರ್ಮನರು ವಿಟೆಬ್‌ಸ್ಕ್ ಹಿಡಿದು, ಊರಲ್ಲಿ ಉಳಿದಿದ್ದ ಯೆಹೂದಿಗಳನ್ನು ಘೆಟ್ಟೋದಲ್ಲಿ ಕೂಡಿದರು. ಅಕ್ಟೋಬರಿನಲ್ಲಿ ಅವರನ್ನು ಸಾವಿರಾರು ಸಂಖ್ಯೆಯಲ್ಲಿ ಊರಾಚೆ ಒಯ್ದು ಕೊಂದರು. ಪೊಕ್ರೊವ್‌ಸ್ಕಾಯಾ ಬೀದಿಯಲ್ಲಿ ಶಾಗಾಲನ ಅಪ್ಪ ಕಟ್ಟಿಸಿದ್ದ ಇಟ್ಟಿಗೆ ಮನೆ ಉಳಿದುಕೊಂಡಿತು. 1997ರಿಂದ ಅದು ಮ್ಯೂಸಿಯಂ.